ಫಾಲ್ಸಿನ ಗಿರಣಿ, ಹುಕ್ಕೇರಿಯ ತಂತಿ, ಶಾಲೆಯ ಹೊರಗುಳಿದ ಮಗು

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆ ಸುಮಾರು 170 ಅಡಿ ಕೆಳಕ್ಕೆ ಧುಮುಕುತ್ತದೆ. ಆ ನೀರಿನ ಬಲದಿಂದ ನೂಲಿನ ಗಿರಣಿ ನಡೆಸಲೆಂದು 1885ರಲ್ಲಿ ಕಂಪನಿಯೊಂದು ಹುಟ್ಟಿತು. 1887ರ ಹೊತ್ತಿಗೆ ಯಂತ್ರಗಳು ತಿರುಗತೊಡಗಿದವು. ಜಲಬಲವನ್ನು ಕಾರ್ಖಾನೆಗೆ ಹೂಡಿದ ನಮ್ಮ ದೇಶದ ಮೊದಮೊದಲ ದೊಡ್ಡ ಪ್ರಯತ್ನಗಳಲ್ಲಿ ಇದೊಂದು. ಆದರೆ ಗಿರಣಿಯ ಆವರಣದಾಚೆಯ ಹಳ್ಳಿಗಳು ಅದಾದ ಮೇಲೂ ಹಲವು ದಶಕ ಕಂದೀಲಿನ ಬೆಳಕಿನಲ್ಲೇ ಉಳಿದವು. ಪಕ್ಕದ ಹುಕ್ಕೇರಿಯಲ್ಲಿ ನಡೆದದ್ದು ಬೇರೆ ಬಗೆ. 1969ರಲ್ಲಿ ಗ್ರಾಮೀಣ ವಿದ್ಯುದೀಕರಣ ನಿಗಮ ಹುಟ್ಟಿದಾಗ ಪ್ರಯೋಗಕ್ಕೆಂದು ಆಯ್ದುಕೊಂಡ ಐದು ವಿದ್ಯುತ್ ಸಹಕಾರಿ ಸಂಘಗಳಲ್ಲಿ ಹುಕ್ಕೇರಿಯದೂ ಒಂದು. ಉಳಿದವು ಸಿರ್ಸಿಲ್ಲಾ, ಕೋಡಿನಾರ, ಮುಳಾ-ಪ್ರವರಾ ಮತ್ತು ಲಖನೌ. ಇಲ್ಲಿ ಕರೆಂಟು ಬಳಸುವವರೇ ಸಂಘದ ಸದಸ್ಯರು. ತಂತಿ ಹರಿದರೆ ಯಾರ ಬಾಗಿಲು ಬಡಿಯಬೇಕು ಎಂಬುದು ಊರಿಗೆ ಗೊತ್ತಿತ್ತು. ಅಂಗವಿಕಲ ಮಕ್ಕಳ ಶಿಕ್ಷಣಕ್ಕೆ ತಂತ್ರಜ್ಞಾನ ಏನು ಮಾಡಿತು, ಏನು ಮಾಡಲಿಲ್ಲ ಎಂದು ಗೋಕಾಕ, ಮೂಡಲಗಿ, ಹುಕ್ಕೇರಿಯ ಸೀಮೆಯಲ್ಲಿ ನಿಂತು ಕೇಳಿದರೆ, ಈ ಎರಡು ಇತಿಹಾಸಗಳೇ ಉತ್ತರದ ದಾರಿ ತೋರಿಸುತ್ತವೆ. ಸಲಕರಣೆ ಎಷ್ಟೇ ಉತ್ತಮವಾಗಿರಲಿ, ಅದನ್ನು ಮಗುವಿನ ತನಕ ಒಯ್ದು, ಕೆಟ್ಟಾಗ ಸರಿಪಡಿಸಿ, ವರ್ಷಗಟ್ಟಲೆ ಜೊತೆಗಿರುವ ಸ್ಥಳೀಯ ವ್ಯವಸ್ಥೆ ಇಲ್ಲದ ಕಡೆ ಅದು ಗಿರಣಿಯ ಗೋಡೆಯೊಳಗಿನ ಬಲವಾಗಿಯೇ ಉಳಿಯುತ್ತದೆ. ನಮ್ಮಲ್ಲಿ ನೂರು ವರ್ಷಗಳಿಂದ ಕೊರತೆಯಾದದ್ದು ಈ ವ್ಯವಸ್ಥೆಯೇ ಎಂಬುದು ನನ್ನ ವಾದ.

ಮೊದಲು ಒಪ್ಪಿಕೊಳ್ಳಬೇಕಾದ ಸಂಗತಿಯೊಂದಿದೆ. ತಂತ್ರಜ್ಞಾನ ಶಾಲೆಗೆ ಹೊಸದಾಗಿ ಬಂದದ್ದಲ್ಲ. ಪಾಟಿ, ಬಳಪ, ಕರಿಹಲಗೆ, ಅಚ್ಚಾದ ಪಠ್ಯಪುಸ್ತಕ, ಗಂಟೆ, ಬರೆದು ಒಪ್ಪಿಸುವ ಪರೀಕ್ಷೆ ಎಲ್ಲವೂ ಒಂದು ಕಾಲದ ಹೊಸ ಸಲಕರಣೆಗಳೇ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮುಂಬಯಿ ಇಲಾಖೆಯ ಕನ್ನಡ ಶಾಲೆಗಳು ಬೆಳಗಾವಿ ಜಿಲ್ಲೆಯ ಊರೂರಿಗೆ ಬಂದಾಗ ಇವೂ ಬಂದವು. ಕಣ್ಣಿಲ್ಲದ ಮಗುವಿಗೆ ಕರಿಹಲಗೆ ಗೋಡೆಯೇ ಆಯಿತು. ಕಿವಿ ಕೇಳದ ಮಗುವಿಗೆ ಮಾಸ್ತರರ ಬಾಯಿಪಾಠ ಬರಿಯ ತುಟಿಯಾಟವಾಯಿತು. ಅಂಥ ಮಕ್ಕಳಿಗೆಂದೇ ಶಾಲೆಗಳು ಅದೇ ಕಾಲದಲ್ಲಿ ಹುಟ್ಟಿದವು, ಆದರೆ ಎಲ್ಲೋ ದೂರ. ಮುಂಬಯಿಯಲ್ಲಿ ಕಿವುಡ ಮಕ್ಕಳ ಸಂಸ್ಥೆ 1880ರ ದಶಕದಲ್ಲಿ ಶುರುವಾಯಿತು. ಗಿರಣಿ ತಿರುಗಿದ 1887ರಲ್ಲೇ ಅಮೃತಸರದಲ್ಲಿ ದೇಶದ ಮೊದಲ ಅಂಧರ ಶಾಲೆ ತೆರೆಯಿತು. ಮೈಸೂರಿನಲ್ಲಿ 1901ರಲ್ಲಿ ಎಂ. ಶ್ರೀನಿವಾಸರಾಯರು ಅಂಧ ಹಾಗೂ ಕಿವುಡ ಮಕ್ಕಳಿಗೆ ಕನ್ನಡದಲ್ಲಿ ಕಲಿಸುವ ಶಾಲೆ ಕಟ್ಟಿದರು. ಗೋಕಾಕದ ತಂದೆತಾಯಿಗೆ ಈ ಯಾವುದೂ ಒದಗುವಂತಿರಲಿಲ್ಲ. ಮೈಸೂರು ಭಾಷೆಯಲ್ಲಿ ಹತ್ತಿರ, ಆಡಳಿತದಲ್ಲಿ ಬೇರೊಂದು ಸಂಸ್ಥಾನ. ಮುಂಬಯಿ ಆಡಳಿತದಲ್ಲಿ ತಮ್ಮದೇ, ಅಲ್ಲಿನ ಶಾಲೆಯ ಮಾತು ಮಾತ್ರ ತಮ್ಮದಲ್ಲ. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯ ಸೇರುವವರೆಗೂ ಈ ಇಬ್ಬಂದಿ ಹೀಗೆಯೇ ಉಳಿಯಿತು. ಏಕೀಕರಣದ ಚರಿತ್ರೆ ಬರೆಯುವವರು ಇದನ್ನು ಗಮನಿಸಿದ್ದು ಕಡಿಮೆ.

ಹಾಗೆಂದು ಈ ಸೀಮೆಯಲ್ಲಿ ಕಣ್ಣಿಲ್ಲದವರಿಗೆ ಕಲಿಕೆಯೇ ಇರಲಿಲ್ಲ ಎನ್ನಲಾಗದು. ಅಪರಾಳ ತಮ್ಮಣ್ಣನ ಶ್ರೀಕೃಷ್ಣ ಪಾರಿಜಾತವನ್ನು ಆಟವಾಗಿ ಬೆಳೆಸಿದ ಕುಲಗೋಡ ತಮ್ಮಣ್ಣ, ಅದನ್ನು ಮನೆಮಾತಾಗಿಸಿದ ಕೌಜಲಗಿ ನಿಂಗಮ್ಮ ಇಬ್ಬರೂ ಹಳೆಯ ಗೋಕಾಕ ತಾಲೂಕಿನವರು. ರಾತ್ರಿಯಿಡೀ ನಡೆಯುವ ಆ ಆಟದ ಹಾಡು, ಮಾತು, ತಾಳ ಕಿವಿಯಿಂದ ಕಿವಿಗೆ ಸಾಗಿದ ವಿದ್ಯೆ. ಭಜನೆ, ಡಪ್ಪಿನ ಪದ, ಪುರಾಣ ಪ್ರವಚನಗಳೂ ಹಾಗೆಯೇ. ಇದೇ ಶ್ರವಣ ಪರಂಪರೆಯನ್ನು ಶಿಸ್ತಿನ ಶಿಕ್ಷಣವಾಗಿ ಮಾರ್ಪಡಿಸಿದವರು ಗದುಗಿನ ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರ ಗವಾಯಿಗಳು (1892–1944). ತಾವೇ ಹುಟ್ಟು ಅಂಧರಾಗಿದ್ದ ಅವರು ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಸಂಗೀತ ಕಲಿತು, ಅಂಧ ಮತ್ತು ಅನಾಥ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತ ಕಲಿಸಿದರು. ಅವರ ನಂತರ ಪುಟ್ಟರಾಜ ಗವಾಯಿಗಳು (1914–2010) ಹಲವು ದಶಕ ಆಶ್ರಮ ನಡೆಸಿದರು. ಖರ್ಚಿಗೆ ನಾಟಕ ಕಂಪನಿಯನ್ನೂ ನಡೆಸಿದರು. ಉತ್ತರ ಕರ್ನಾಟಕದ ಯಾವ ಹಳ್ಳಿಯಲ್ಲಿ ಕಣ್ಣು ಕಾಣದ ಕೂಸು ಹುಟ್ಟಿದರೂ ಹಿರಿಯರು ಮೊದಲು ಹೇಳುತ್ತಿದ್ದ ಹೆಸರು ಗದಗ. ಒಂದು ಸರ್ಕಾರಿ ಇಲಾಖೆ ಮಾಡಬೇಕಾದ ಕೆಲಸವನ್ನು ಒಂದು ಆಶ್ರಮ ಜೋಳಿಗೆ ಹಿಡಿದು ಮಾಡಿತು. ಅದರ ಋಣ ದೊಡ್ಡದು.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ಗದುಗಿನ ಮಾದರಿ ಇಷ್ಟು ಫಲ ಕೊಟ್ಟಿರುವಾಗ ಅಂಥ ಮಕ್ಕಳನ್ನು ಸಾಮಾನ್ಯ ಶಾಲೆಯಲ್ಲೇ ಕೂರಿಸುವ ಹಟವೇಕೆ? ವಿಶೇಷ ಶಾಲೆಯಲ್ಲಿ ಬಲ್ಲ ಗುರು, ಒಡನಾಡಿಗಳು, ಊಟ ವಸತಿ ಎಲ್ಲ ಒಂದೇ ಕಡೆ ಸಿಗುತ್ತವಲ್ಲ? ಈ ಮಾತಿನಲ್ಲಿ ಹುರುಳಿದೆ. ಬೆಳಗಾವಿಯ ಮಹೇಶ್ವರಿ ಅಂಧ ಮಕ್ಕಳ ಶಾಲೆಯಂಥವು ಮುಚ್ಚಲಿ ಎಂದು ತಿಳಿದವರು ಯಾರೂ ಹೇಳಲಾರರು. ಆದರೆ ಪುಣ್ಯಾಶ್ರಮದ ದಾರಿ ಮುಖ್ಯವಾಗಿ ಸಂಗೀತದ ದಾರಿ. ದನಿ ಇಲ್ಲದ, ತಾಳ ಹಿಡಿಯದ, ಲೆಕ್ಕದಲ್ಲಿ ಆಸಕ್ತಿ ಇರುವ ಅಂಧ ಹುಡುಗಿಗೆ ಅಲ್ಲಿ ಏನಿತ್ತು? ಕಿವಿ ಕೇಳದವರಿಗೆ ಆ ದಾರಿ ಇರಲೇ ಇಲ್ಲ. ಎರಡನೆಯದಾಗಿ, ವಸತಿ ಶಾಲೆಗೆ ಹೋಗಿ ತಲುಪಿದವರು ಸ್ವಲ್ಪವೇ ಮಂದಿ. ಆರು ವರ್ಷದ ಮಗಳನ್ನು ಅರವತ್ತು ಎಪ್ಪತ್ತು ಕಿಲೋಮೀಟರ್ ದೂರದಲ್ಲಿ ಬಿಟ್ಟು ಬರಲು ತಾಯಿ ಹಿಂಜರಿದರೆ ಅದನ್ನು ಅಜ್ಞಾನ ಎನ್ನಲಾಗದು. ವಿಶೇಷ ಶಾಲೆಯೊಂದೇ ದಾರಿ ಎಂದಾಗ, ಅಲ್ಲಿಗೆ ಹೋಗದವರ ಪಾಲಿಗೆ ಶಾಲೆಯೇ ಇಲ್ಲ ಎಂದಂತಾಯಿತು. ನಮ್ಮ ಕಾನೂನೂ ಬಹುಕಾಲ ಹೀಗೆಯೇ ಹೇಳಿತು. 1960ರ ಆಸುಪಾಸಿನಲ್ಲಿ ರಾಜ್ಯಗಳು ತಂದ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನುಗಳಲ್ಲಿ, ಮಗುವಿನ ದೈಹಿಕ ಅಥವಾ ಮಾನಸಿಕ ನ್ಯೂನತೆ ಶಾಲೆಗೆ ಬಾರದಿರಲು ಒಪ್ಪತಕ್ಕ ಕಾರಣವೆಂದು ಎಣಿಕೆಯಾಗಿತ್ತು. ಗೈರುಹಾಜರಿಗೆ ಪಾಲಕರ ಮೇಲೆ ಕ್ರಮ ಬಾರದಿರಲೆಂದು ಇಟ್ಟ ವಿನಾಯಿತಿ ಅದು. ಪರಿಣಾಮದಲ್ಲಿ ಮಾತ್ರ ವಿನಾಯಿತಿ ಸಿಕ್ಕಿದ್ದು ಶಾಲೆಗೆ.

ಬ್ರೈಲ್ ಲಿಪಿಯ ಕಥೆ ಇದನ್ನು ಇನ್ನಷ್ಟು ಸ್ಪಷ್ಟಗೊಳಿಸುತ್ತದೆ. ಭಾರತದ ಭಾಷೆಗಳಿಗೆ ಒಂದೇ ಬಗೆಯ ಚುಕ್ಕಿ ವ್ಯವಸ್ಥೆ ಇರಲಿಲ್ಲ. ಒಂದೊಂದು ಶಾಲೆಯೂ ತನ್ನದೇ ಹೊಂದಾಣಿಕೆ ಮಾಡಿಕೊಂಡಿತ್ತು. 1951ರಲ್ಲಿ ಯುನೆಸ್ಕೋ ಬೈರೂತಿನಲ್ಲಿ ನಡೆಸಿದ ಸಭೆಯ ಹೊತ್ತಿಗೆ ಭಾರತಿ ಬ್ರೈಲ್ ರೂಪುಗೊಂಡು, ಕನ್ನಡಕ್ಕೂ ಅದೇ ಆಧಾರವಾಯಿತು. ಅದೇ ವರ್ಷ ಡೆಹ್ರಾಡೂನಿನಲ್ಲಿ ಕೇಂದ್ರ ಬ್ರೈಲ್ ಮುದ್ರಣಾಲಯ ಶುರುವಾಯಿತು. ವ್ಯವಸ್ಥೆ ಅಚ್ಚುಕಟ್ಟಾದದ್ದು. ಆರು ಚುಕ್ಕಿಗಳ ಮನೆಯಲ್ಲಿ 1 ಮತ್ತು 3ನೆಯ ಚುಕ್ಕಿ ಎದ್ದರೆ ‘ಕ’. ಗುಣಿತದ ಚಿಹ್ನೆ ಅಕ್ಷರದ ತಲೆಗೋ ಬುಡಕ್ಕೋ ಅಂಟದೆ ಪಕ್ಕದ ಮನೆಯಲ್ಲಿ ಕೂರುತ್ತದೆ. ಒತ್ತಕ್ಷರ ಕೆಳಗಿಳಿಯದೆ ಸಾಲಿನಲ್ಲೇ ನಿಲ್ಲುತ್ತದೆ, ಅದರ ಮುನ್ಸೂಚನೆಗೆ ಒಂದು ಚುಕ್ಕಿ. ಬರೆಯುವಾಗ ದಪ್ಪ ಕಾಗದವನ್ನು ಸ್ಲೇಟಿನ ಎರಡು ತಗಡುಗಳ ನಡುವೆ ಸಿಕ್ಕಿಸಿ, ಸ್ಟೈಲಸ್‌ನಿಂದ ಬಲದಿಂದ ಎಡಕ್ಕೆ ಚುಚ್ಚುತ್ತ ಹೋಗಬೇಕು. ಹಾಳೆ ತಿರುವಿದಾಗ ಚುಕ್ಕಿಗಳು ಎಡದಿಂದ ಬಲಕ್ಕೆ ಬೆರಳಿಗೆ ಸಿಗುತ್ತವೆ. ಕನ್ನಡಿಯಲ್ಲಿ ಕಂಡಂತೆ ಬರೆಯುವ ಈ ಕೌಶಲ ಎಳೆಯ ಕೈಗೆ ಒಲಿಯಲು ತಿಂಗಳುಗಳೇ ಬೇಕು, ಪಕ್ಕದಲ್ಲಿ ಕೂತು ಬೆರಳು ಹಿಡಿದು ತಿದ್ದುವವರು ಬೇಕು. ಸ್ಲೇಟು ಮತ್ತು ಸ್ಟೈಲಸ್ ಬಡವರಿಗೂ ಎಟುಕುವ, ಕರೆಂಟು ಬೇಡದ, ಕೆಡದ ಸಲಕರಣೆಗಳು. ಇಷ್ಟು ಅಗ್ಗದ, ಇಷ್ಟು ಗಟ್ಟಿಯಾದ ತಂತ್ರಜ್ಞಾನ ಘಟಪ್ರಭೆಯ ದಂಡೆಯ ಶಾಲೆಗಳಿಗೆ ಬರಲಿಲ್ಲವೆಂದರೆ ಅದಕ್ಕೆ ಬೆಲೆ ಕಾರಣವಲ್ಲ. ಬ್ರೈಲ್ ಬಲ್ಲ ಶಿಕ್ಷಕರು ಪಟ್ಟಣದ ವಿಶೇಷ ಶಾಲೆಗಳಲ್ಲಿದ್ದರು, ತಾಲೂಕಿನಲ್ಲಿ ಇರಲಿಲ್ಲ. ಪುಸ್ತಕಗಳೂ ಅಷ್ಟೇ: ಸಾಧಾರಣ ಪಠ್ಯಪುಸ್ತಕವೊಂದು ಬ್ರೈಲಿನಲ್ಲಿ ಹಲವು ದಪ್ಪ ಸಂಪುಟಗಳಾಗುತ್ತದೆ. ಅದನ್ನು ಮುದ್ರಿಸಿ, ಹೊತ್ತು ತಂದು, ಮುಂದಿನ ವರ್ಷ ಪಠ್ಯ ಬದಲಾದಾಗ ಮತ್ತೆ ತರುವ ಹೊಣೆ ಯಾರದೂ ಆಗಿರಲಿಲ್ಲ.

ಸರ್ಕಾರದ ಯೋಜನೆಗಳು ಇಲ್ಲದೆ ಇರಲಿಲ್ಲ. 1964–66ರ ಕೊಠಾರಿ ಆಯೋಗ ಅಂಗವಿಕಲ ಮಕ್ಕಳನ್ನು ಆದಷ್ಟು ಸಾಮಾನ್ಯ ಶಾಲೆಗಳಲ್ಲೇ ಕಲಿಸಬೇಕೆಂದಿತು. 1974ರಲ್ಲಿ ಸಮನ್ವಯ ಶಿಕ್ಷಣದ ಕೇಂದ್ರ ಯೋಜನೆ ಬಂತು. 1981ರಿಂದ ಸಾಧನ ಸಲಕರಣೆ ಕೊಡುವ ಯೋಜನೆ ನಡೆಯಿತು. 1995ರ ಅಂಗವಿಕಲರ ಕಾನೂನು ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಮಾತಾಡಿತು. 2009ರ ಶಿಕ್ಷಣ ಹಕ್ಕು ಕಾನೂನಿಗೆ 2012ರಲ್ಲಿ ತಿದ್ದುಪಡಿಯಾಗಿ, ತೀವ್ರ ನ್ಯೂನತೆಯ ಮಕ್ಕಳಿಗೆ ಮನೆಯಲ್ಲೇ ಕಲಿಯುವ ಆಯ್ಕೆ ಸೇರಿತು. 2016ರ ಅಂಗವಿಕಲರ ಹಕ್ಕುಗಳ ಕಾನೂನು ಗುರುತಿಸುವ ನ್ಯೂನತೆಗಳನ್ನು 7ರಿಂದ 21ಕ್ಕೆ ಏರಿಸಿತು. ಇವೆಲ್ಲ ಹಳ್ಳಿಯ ಮಟ್ಟಿಗೆ ಕಣ್ಣಿಗೆ ಬಿದ್ದದ್ದು ಹೆಚ್ಚಾಗಿ ಒಂದೇ ರೂಪದಲ್ಲಿ: ಶಿಬಿರ. ತಾಲೂಕು ಕೇಂದ್ರದಲ್ಲಿ ಶಾಮಿಯಾನ, ವೈದ್ಯರ ತಪಾಸಣೆ, ಮೂರು ಗಾಲಿಯ ಸೈಕಲ್, ಕ್ಯಾಲಿಪರ್, ಕಿವಿ ಮಷಿನ್ ವಿತರಣೆ, ಗಣ್ಯರ ಭಾಷಣ. ಶಿಬಿರಗಳಿಂದ ನಡೆಯಲಾರದವರು ನಡೆದರು, ಶಾಲೆಯ ಗೇಟಿನ ತನಕ ಬಂದರು. ಅದು ಸಣ್ಣ ಮಾತಲ್ಲ. ಆದರೆ ಕಿವಿ ಮಷಿನ್ ಒಂದನ್ನೇ ಹತ್ತಿರದಿಂದ ನೋಡಿ. ಹಳೆಯ ಮಾದರಿ ಅಂಗಿಯ ಜೇಬಿನಲ್ಲಿ ಇಡುವಂಥದ್ದು. ಪೆನ್ಸಿಲ್ ಸೆಲ್ ಸಾಕಿತ್ತು, ಅದು ಊರ ಕಿರಾಣಿ ಅಂಗಡಿಯಲ್ಲೂ ಸಿಗುತ್ತಿತ್ತು. ಈಗಿನ ಡಿಜಿಟಲ್ ಮಷಿನ್ ಕಿವಿಯ ಹಿಂದೆ ಕೂರುತ್ತದೆ, ಮಾತನ್ನು ಗದ್ದಲದಿಂದ ಬೇರ್ಪಡಿಸುವುದರಲ್ಲಿ ಬಹಳ ಮೇಲು. ಅದರ ಗುಂಡಿಯಷ್ಟು ಸೆಲ್ ಒಂದೆರಡು ವಾರಕ್ಕೆ ತೀರುತ್ತದೆ, ಮತ್ತು ಅದು ಕಿರಾಣಿ ಅಂಗಡಿಯ ಸರಕಲ್ಲ. ಕಿವಿಯ ಅಚ್ಚಿನಂತೆ ಮಾಡಿಸುವ ಮೋಲ್ಡ್ ಮಗು ಬೆಳೆದಂತೆ ಸಡಿಲವಾಗುತ್ತದೆ. ಸಡಿಲವಾದರೆ ಮಷಿನ್ ಸಿಳ್ಳೆ ಹಾಕುತ್ತದೆ. ಸಿಳ್ಳೆಗೆ ತರಗತಿ ನಗುತ್ತದೆ. ಹುಡುಗ ಅದನ್ನು ಕಿತ್ತು ಚೀಲಕ್ಕೆ ಹಾಕುತ್ತಾನೆ. ಮಷಿನ್ ಸುಧಾರಿಸಿದಷ್ಟೂ ಅದನ್ನು ಸಲಹುವ ಜಾಗ ಹಳ್ಳಿಯಿಂದ ದೂರ ಸರಿಯಿತು. ಶಿಬಿರ ಮುಗಿದ ಮರುದಿನದಿಂದ ಶುರುವಾಗುವ ಈ ಕೆಲಸಕ್ಕೆ ಯೋಜನೆಯಲ್ಲಿ ಹೆಸರೇ ಇರಲಿಲ್ಲ.

ಗಣಕಯಂತ್ರ ಬಂದಾಗ ಆಸೆ ಮತ್ತೆ ಚಿಗುರಿತು, ಮತ್ತು ಈ ಸಲ ಎಡವಿದ್ದು ಕನ್ನಡದ ಅಕ್ಷರದಲ್ಲೇ. ಪರದೆ ಓದುವ ಉಚಿತ ತಂತ್ರಾಂಶ ಎನ್‌ವಿಡಿಎ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ರೂಪುಗೊಂಡಿತು. ಇಸ್ಪೀಕ್ ಎಂಬ ಮುಕ್ತ ಧ್ವನಿಯಂತ್ರ ಕನ್ನಡವನ್ನೂ ಉಚ್ಚರಿಸಬಲ್ಲದು. ಆದರೆ ನಮ್ಮ ಕಚೇರಿ, ಮುದ್ರಣಾಲಯಗಳಲ್ಲಿ ವರ್ಷಗಟ್ಟಲೆ ಬೆರಳಚ್ಚಾದ ಕನ್ನಡ ಯೂನಿಕೋಡ್ ಎಂಬ ಏಕರೂಪ ಸಂಕೇತ ವ್ಯವಸ್ಥೆಯಲ್ಲಿ ಇರಲಿಲ್ಲ. ಹಳೆಯ ನುಡಿ ಫಾಂಟಿನಲ್ಲಿ ‘ಕನ್ನಡ’ ಎಂದು ಪರದೆಯ ಮೇಲೆ ಕಾಣುವ ಪದದ ಒಳಗಿದ್ದದ್ದು ರೋಮನ್ನಿನ ‘ಪಿ’, ನೆತ್ತಿಯ ಮೇಲೆ ಗೀಟಿರುವ ‘ಎ’, ಪೌಂಡ್ ಹಣದ ಚಿಹ್ನೆ, ಜರ್ಮನ್ನರ ಜೋಡಿ ‘ಎಸ್’, ಆಮೇಲೊಂದು ‘ಕ್ಯೂ’. ಕಣ್ಣಿದ್ದವರಿಗೆ ಚಿತ್ರ ಸರಿಯಾಗಿ ಕಾಣುತ್ತಿದ್ದುದರಿಂದ ತೊಂದರೆ ತಿಳಿಯಲೇ ಇಲ್ಲ. ಪರದೆ ಓದುವ ತಂತ್ರಾಂಶ ಚಿತ್ರ ನೋಡುವುದಿಲ್ಲ, ಒಳಗಿನ ಸಂಕೇತವನ್ನೇ ಓದುತ್ತದೆ. ಅಂಧ ವಿದ್ಯಾರ್ಥಿಯ ಕಿವಿಗೆ ಬಿದ್ದದ್ದು ಕನ್ನಡವಲ್ಲ, ಅರ್ಥವಿಲ್ಲದ ಚೂರುಗಳು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, ಅಂದರೆ 1991ರಲ್ಲೇ, ಕನ್ನಡಕ್ಕೆ ಜಾಗ ಸಿಕ್ಕಿತ್ತೆಂಬುದನ್ನು ನೆನೆದರೆ ಈ ವಿಳಂಬ ನೋವು ತರುತ್ತದೆ. ಹಾಳಾದದ್ದನ್ನು ಸರಿಪಡಿಸಲು ಒಳ್ಳೆಯ ಪ್ರಯತ್ನಗಳೂ ನಡೆದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಅಚ್ಚಾದ ಕನ್ನಡ ಪುಟವನ್ನು ಪಠ್ಯವಾಗಿಸುವ ‘ಲಿಪಿಜ್ಞಾನಿ’ಯನ್ನು ಕಟ್ಟಿತು. ಮಧು ಸಿಂಘಾಲ್ 1990ರಲ್ಲಿ ಬೆಂಗಳೂರಿನಲ್ಲಿ ಶುರು ಮಾಡಿದ ಮಿತ್ರಜ್ಯೋತಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳನ್ನೂ ಬ್ರೈಲ್ ಪುಸ್ತಕಗಳನ್ನೂ ಒದಗಿಸುತ್ತ ಬಂದಿದೆ. 2012ರಲ್ಲಿ ಕೃತಿಸ್ವಾಮ್ಯ ಕಾನೂನು ತಿದ್ದುಪಡಿಯಾಗಿ ಇಂಥ ರೂಪಾಂತರಕ್ಕೆ ಅಡ್ಡಿ ತೊಲಗಿತು. 2016ರಲ್ಲಿ ಸುಗಮ್ಯ ಪುಸ್ತಕಾಲಯ ಅಂತರ್ಜಾಲದಲ್ಲಿ ತೆರೆಯಿತು.

ಈಗ ಎರಡನೆಯ ಆಕ್ಷೇಪಕ್ಕೆ ಬರೋಣ, ಅದು ಇವತ್ತಿನದು: ಎಲ್ಲರ ಕೈಗೂ ಮೊಬೈಲ್ ಬಂದಿದೆ, ಅದೇ ಓದಿ ಹೇಳುತ್ತದೆ, ಮಾತನ್ನು ಬರಹ ಮಾಡುತ್ತದೆ, ಅಕ್ಷರ ದೊಡ್ಡದು ಮಾಡುತ್ತದೆ. ಇನ್ನು ಬ್ರೈಲ್ ಏಕೆ, ಸಂಪನ್ಮೂಲ ಶಿಕ್ಷಕರು ಏಕೆ? ಮೊಬೈಲಿನ ಉಪಕಾರವನ್ನು ಅಲ್ಲಗಳೆಯುವುದು ಕೃತಘ್ನತೆ. ಮುಪ್ಪಿನಲ್ಲಿ ದೃಷ್ಟಿ ಕಳೆದುಕೊಂಡವರಿಗೆ ಅದು ದೊಡ್ಡ ಆಸರೆ. ಆದರೆ ಆರು ವರ್ಷದ ಮಗುವಿನ ಪ್ರಶ್ನೆ ಬೇರೆ. ಕೇಳಿ ಮಾತ್ರ ಕನ್ನಡ ಕಲಿತವರಿಗೆ ಕಥೆ ತಿಳಿಯುತ್ತದೆ, ಕಾಗುಣಿತ ಬರುವುದಿಲ್ಲ. ‘ಬಾರ’ವೋ ‘ಭಾರ’ವೋ, ಒತ್ತು ಎಲ್ಲಿ, ಪದ ಎಲ್ಲಿ ಒಡೆಯುತ್ತದೆ ಎಂಬುದು ಬೆರಳಿಗೋ ಕಣ್ಣಿಗೋ ಸಿಗದೆ ನೆಲೆಗೊಳ್ಳುವುದಿಲ್ಲ. ಮನೆಯ ಆಡುಮಾತಿಗೂ ಪುಸ್ತಕದ ಭಾಷೆಗೂ ಇಷ್ಟು ಅಂತರವಿರುವ ನಮ್ಮ ಕಡೆಯಲ್ಲಂತೂ ಇದು ಇನ್ನೂ ನಿಜ. ಗಣಿತದ ಭಿನ್ನರಾಶಿ, ನಕ್ಷೆ, ರೇಖಾಚಿತ್ರಗಳನ್ನು ಕಿವಿಯೊಂದರಿಂದಲೇ ಕಲಿಯುವುದು ಎಷ್ಟು ಕಷ್ಟವೆಂದು ಬಿಡಿಸಿ ಹೇಳಬೇಕಿಲ್ಲ. ಇನ್ನು ಮನೆಯಲ್ಲಿರುವ ಒಂದೇ ಮೊಬೈಲು ಬೆಳಿಗ್ಗೆ ಕಬ್ಬಿನ ಗದ್ದೆಗೆ ಹೋಗುವ ಅಪ್ಪನ ಜೇಬಿನಲ್ಲಿರುತ್ತದೆ. ಅದು ಸಂಜೆ ಮನೆಗೆ ಬಂದಾಗಲೂ ಅದರೊಳಗಿನ ಪರದೆ ಓದುವ ಸೌಲಭ್ಯವನ್ನು ಚಾಲೂ ಮಾಡಿ, ಎರಡು ಬೆರಳಲ್ಲಿ ಸರಿಸುವುದು, ಎರಡು ಸಲ ಒತ್ತುವುದು ಕಲಿಸುವವರು ಬೇಕಲ್ಲ?

ಕಿವುಡ ಮಕ್ಕಳ ಸಂಗತಿ ಇದಕ್ಕಿಂತ ತೊಡಕಿನದು. ಮೈಸೂರಿನ ವಾಕ್ ಶ್ರವಣ ಸಂಸ್ಥೆ 1960ರ ದಶಕದ ನಡುವಿನಿಂದ ಶ್ರವಣ ಪರೀಕ್ಷೆ, ವಾಕ್ ಚಿಕಿತ್ಸೆಗಳಿಗೆ ಬೇಕಾದ ತಜ್ಞರನ್ನು ತಯಾರಿಸುತ್ತ ಬಂದಿದೆ. ಭಾರತೀಯ ಸಂಜ್ಞಾ ಭಾಷೆಗೆ ಮಾತ್ರ ತನ್ನದೇ ಕೇಂದ್ರ ಸಿಕ್ಕಿದ್ದು 2015ರಲ್ಲಿ, ದೆಹಲಿಯಲ್ಲಿ. ಅದರ ನಿಘಂಟು 2018ರಲ್ಲಿ 3,000 ಪದಗಳಿಂದ ಶುರುವಾಗಿ 2021ಕ್ಕೆ 10,000 ದಾಟಿತು. ವಿಡಿಯೊ ಇಲ್ಲದೆ ಇಂಥ ನಿಘಂಟು ಸಾಧ್ಯವೇ ಇರಲಿಲ್ಲ. ಕೈಯ ಆಕಾರ, ಚಲನೆ, ಮುಖಭಾವ ಮೂರೂ ಸೇರಿ ಅರ್ಥ ಕೊಡುವ ಭಾಷೆಯನ್ನು ಅಚ್ಚಿನ ಪುಟ ಹಿಡಿಯಲಾರದು. ತಂತ್ರಜ್ಞಾನ ನಿಜವಾಗಿ ಬಾಗಿಲು ತೆರೆದ ಜಾಗ ಇದು. ಆದರೂ ಹಳ್ಳಿಯ ಮಗು ಮನೆಯವರೊಡನೆ ಆಡುವುದು ಅವರವರೇ ಕಟ್ಟಿಕೊಂಡ ಕೈಸನ್ನೆಯಲ್ಲಿ. ಅಲ್ಲಿಂದ ಪೂರ್ಣ ಸಂಜ್ಞಾ ಭಾಷೆಗೆ ದಾಟಿಸಲು ವಿಡಿಯೊ ಸಾಲದು. ಎದುರು ಕೂತು ಕೈಯಾಡಿಸುವ ಜೊತೆಗಾರರು ಬೇಕು, ತಾಯಿಯೂ ಕಲಿಯಬೇಕು, ತರಗತಿಯ ನಾಲ್ಕು ಗೆಳೆಯರೂ ಕಲಿಯಬೇಕು.

ಆ ಜೊತೆಗಾರರ ಹುದ್ದೆ ನಮ್ಮಲ್ಲಿ ಇದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಯ ವಲಯಗಳು. ತಾಲೂಕಾಗುವ ಮೊದಲೇ ಮೂಡಲಗಿ ಶಿಕ್ಷಣ ಇಲಾಖೆಗೆ ಬೇರೆ ವಲಯವಾಗಿತ್ತು. ಪ್ರತಿ ವಲಯದ ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ವಿಶೇಷ ಅಗತ್ಯವುಳ್ಳ ಮಕ್ಕಳಿಗೆಂದು ಬಿಐಇಆರ್‌ಟಿ ಎಂದು ಕರೆಯುವ ಸಂಪನ್ಮೂಲ ಶಿಕ್ಷಕರ ವ್ಯವಸ್ಥೆ ರೂಪಿಸಲಾಗಿದೆ. ಶಾಲೆಗೆ ಬರಲಾರದ ಮಕ್ಕಳ ಮನೆಗೆ ಹೋಗಿ ಕಲಿಸುವುದು, ಶಾಲಾ ಸಿದ್ಧತಾ ಕೇಂದ್ರ ನಡೆಸುವುದು, ತಪಾಸಣೆ ಶಿಬಿರಕ್ಕೆ ಮಕ್ಕಳನ್ನು ಗುರುತಿಸುವುದು, ಶಾಲೆಯ ಮಾಸ್ತರು ಅಕ್ಕೋರುಗಳಿಗೆ ತರಬೇತಿ ಕೊಡುವುದು ಎಲ್ಲವೂ ಇವರ ತಲೆಯ ಮೇಲೆ. ನಾನು ಹೇಳುತ್ತಿರುವ ಹುಕ್ಕೇರಿಯ ತಂತಿಯ ಕೆಲಸ ಇದೇ, ಹೆಸರಿನಲ್ಲಿ ಅದಾಗಲೇ ಅಸ್ತಿತ್ವದಲ್ಲಿದೆ. ಕೊರತೆ ಇರುವುದು ಪ್ರಮಾಣದಲ್ಲಿ. ಸುಪ್ರೀಂ ಕೋರ್ಟ್ 2021ರ ಅಕ್ಟೋಬರಿನಲ್ಲಿ ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಮುಂದಿನ ಹಂತದಲ್ಲಿ 15ಕ್ಕೊಬ್ಬರು ವಿಶೇಷ ಶಿಕ್ಷಕರು ಇರಬೇಕೆಂದು ಹೇಳಿತು. ಇಡೀ ವಲಯಕ್ಕೆ ಕೆಲವೇ ಮಂದಿ ಎಂಬ ಏರ್ಪಾಡನ್ನು ಈ ಅಳತೆಗೆ ಹಿಡಿದರೆ ದೂರ ತಾನೇ ಕಾಣುತ್ತದೆ. ಸಹಕಾರಿ ಸಂಘದಲ್ಲೂ ಬಾಕಿ, ರಾಜಕೀಯ, ಕಿತ್ತಾಟ ಇರುವುದಿಲ್ಲವೇ ಎಂದು ಕೇಳಬಹುದು. ಇರುತ್ತದೆ. ಆದರೂ ಕರೆಂಟು ಹೋದಾಗ ಜವಾಬು ಕೇಳಲು ಅಲ್ಲಿ ಒಂದು ಬಾಗಿಲಿದೆ. ಮಗಳ ಕಿವಿ ಮಷಿನ್ ಕೆಟ್ಟ ತಂದೆಗೆ ಅಂಥ ಬಾಗಿಲು ಯಾವುದು?

ಇಷ್ಟು ಕಡಿಮೆ ಮಕ್ಕಳಿಗೆ ಇಷ್ಟು ಖರ್ಚೇ ಎಂಬ ಕೊನೆಯ ಆಕ್ಷೇಪವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಮನಸ್ಸಿನಲ್ಲಿ ಇಟ್ಟುಕೊಂಡವರು ಹೆಚ್ಚು. 2011ರ ಜನಗಣತಿ ಕರ್ನಾಟಕದಲ್ಲಿ 13,24,205 ಅಂಗವಿಕಲರನ್ನು ಎಣಿಸಿತು, ಅದೂ ಈಗಿನ 21 ವರ್ಗಗಳು ಕಾನೂನಿಗೆ ಸೇರುವ ಮೊದಲು. ಕಲಿಕಾ ನ್ಯೂನತೆಯ ಮಗು ದಡ್ಡ ಎಂಬ ಹೆಸರು ಹೊತ್ತು ಹಿಂದಿನ ಬೆಂಚಿನಲ್ಲಿ ಕೂತಿದ್ದರೆ ಅದು ಯಾವ ಲೆಕ್ಕಕ್ಕೂ ಬಂದಿರುವುದಿಲ್ಲ. ಹುಡುಕುವವರಿಲ್ಲದ ಕಡೆ ಸಂಖ್ಯೆ ಕಡಿಮೆಯಾಗಿಯೇ ಕಾಣುತ್ತದೆ. ಖರ್ಚಿನ ಮಾತು ಬಂದರೆ, ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಶೇಷ ಅಗತ್ಯವುಳ್ಳ ಒಂದು ಮಗುವಿಗೆ ವರ್ಷಕ್ಕೆ ಎತ್ತಿಟ್ಟದ್ದು 3,500 ರೂಪಾಯಿ, ಹೆಣ್ಣುಮಕ್ಕಳಿಗೆ ತಿಂಗಳಿಗೆ 200 ರೂಪಾಯಿ ಶಿಷ್ಯವೇತನ ಬೇರೆ. ಈ ಹಣ ಶಿಬಿರದ ಹೊಸ ಸಾಮಾನಿಗೆ ಎಷ್ಟು, ಹಳೆಯ ಸಾಮಾನಿನ ದುರಸ್ತಿಗೆ ಎಷ್ಟು ಎಂದು ವಲಯದ ಮಟ್ಟದಲ್ಲಿ ಬಿಡಿಬಿಡಿಯಾಗಿ ಕೇಳುವ ಹಕ್ಕು ಎಸ್‌ಡಿಎಂಸಿಗಳಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗಳಿಗೆ, ಬೇಕು. ಗೋಕಾಕ, ಮೂಡಲಗಿ, ಹುಕ್ಕೇರಿಯ ಬಿಆರ್‌ಸಿಗಳಲ್ಲಿ ಒಂದೊಂದು ಕಪಾಟು ಇಟ್ಟು, ಕಿವಿ ಮಷಿನ್ನಿನ ಸೆಲ್ಲು, ಬ್ರೈಲ್ ಕಾಗದ, ಗಾಲಿ ಸೈಕಲ್ಲಿನ ಟ್ಯೂಬು ಸಂತೆಯ ದಿನ ಬಂದವರಿಗೆ ಸಿಗುವಂತೆ ಮಾಡುವುದು, ಮೋಲ್ಡಿನ ಅಳತೆಯನ್ನು ವರ್ಷಕ್ಕೆ ಎರಡು ಸಲ ಅಲ್ಲಿಯೇ ತೆಗೆಯುವುದು, ಪಠ್ಯಪುಸ್ತಕದ ಯೂನಿಕೋಡ್ ಪ್ರತಿಯನ್ನು ಅಚ್ಚಿನ ಪ್ರತಿಯ ದಿನವೇ ಶಾಲೆಗೆ ಕೊಡುವುದು, ಇವು ಯಾವುದೂ ಹೊಸ ಆವಿಷ್ಕಾರ ಬೇಡುವ ಕೆಲಸಗಳಲ್ಲ. ಮುಂದಿನ ಜೂನ್‌ಗೆ ಶಾಲೆ ತೆರೆಯುವ ಮೊದಲು ಆಗಬಹುದಾದಂಥವು.